ರಾಜೀನಾಮೆಯ ನೀತಿ

(ಹಾನಗಲ್ಲಿನಲ್ಲಿ ಶಿಕ್ಷಕರ ಹಾಗೂ ಪುರಜನರ ಸಭೆಯ ಮುಂದೆ ಮಾಡಿದ ಭಾಷಣ)



ರಾಜಕೀಯ ಮುಖಂಡರ ನೀತಿಯೆಂಬ ವಿಷಯವನ್ನು ನೀವು ನನಗೆ ಒಪ್ಪಿಸಿರುವಿರಿ. ಈ ವಿಷಯದ ಮೇಲೆ ಮಾತನಾಡುವದು ಬಹು ಸುಲಭ. ಮುಖಂಡರನ್ನು ಬೈದರೆ ಚಪ್ಪಾಳೆ ತಟ್ಟದ ಸಭೆಯು ನಮ್ಮ ಕರ್ನಾಟಕದಲ್ಲಿ ಎಲ್ಲಿಯೂ ಸಿಕ್ಕಲಾರದು. ಬೈಯುವವನಿಗೆ ಶ್ರಮವಿಲ್ಲ, ಕೇಳುವವರಿಗೆ ಸಮಾಧಾನ. ಮರುದಿನ ಮುಖಂಡನಿಗೂ ಏನೂ ತಗಲುವದಿಲ್ಲ. ಅಂಥ ಭಾಷಣವನ್ನು ನಾನು ಮಾಡಲೊಲ್ಲೆ.

ಮುಖಂಡರ ನೀತಿಯೆಂದ ಕೂಡಲೆ ನಮ್ಮ ಮನಸ್ಸು ಅವರ ಮನೆಯೊಳಕ್ಕೆ ಹೋಗುತ್ತದೆ. ಇಂಥವನು ಪಾನನಿರೋಧದ ಮೇಲೆ ವ್ಯಾಖ್ಯಾನ ಕೊಟ್ಟು ರಾತ್ರಿ ಕುಡಿಯುತ್ತಾನೆ. ಇಂಥವನು ಸರಳ ಜೀವನವನ್ನು ಉಪದೇಶಿಸಿ ಮಗಳ ಲಗ್ನಕ್ಕೆ ಕೋಟಿ ಸುರಿಯುತ್ತಾನೆ. ಇಂಥವನು ಕನ್ನಡಕ್ಕಾಗಿ ಕಣ್ಣೀರಿಟ್ಟು ಮೊಮ್ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುತ್ತಾನೆ. ಹೇಳುವದು ಆಚಾರ, ತಿನ್ನುವದು ಬದನೆಕಾಯಿ. ಇದು ದಂಭವಲ್ಲವೆಂದು ನಾನು ಹೇಳುವದಿಲ್ಲ. ಆದರೆ ಇದರಲ್ಲಿ ಅರ್ಧ ನಿಜ, ಅರ್ಧ ವದಂತಿ. ಯಾವದು ಎಷ್ಟೆಂದು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಇದಕ್ಕಿಂತ ಕೆಟ್ಟದ್ದೆಂದರೆ, ಈ ಹರಟೆಯ ಮರೆಯಲ್ಲಿ ಇನ್ನೊಂದು ದೊಡ್ಡ ದಂಭವು ಯಾರ ಕಣ್ಣಿಗೂ ಬೀಳದೆ ಪಾರಾಗುತ್ತದೆ. ಅದು ಹಗಲಿನಲ್ಲಿಯೇ ನಡೆಯುವಂಥದು. ಅದಕ್ಕೆ ಸಾಕ್ಷಿ ಬೇಕಿಲ್ಲ; ಸರಕಾರಿ ಗೆಝೆಟ್ಟಿನಲ್ಲಿಯೇ ಅಚ್ಚಾಗಿರುತ್ತದೆ. ಜನರಿಗೆ ಕೊಟ್ಟ ಮಾತನ್ನು ಮುರಿದು, ಮುರಿದದ್ದಕ್ಕೆ ನೀತಿಯ ಹೆಸರಿಡುವದೇ ಆ ದಂಭ.

ಇದನ್ನು ಅಳೆಯಲು ಒಂದು ಅಳತೆಗೋಲನ್ನು ನಾನು ಆರಿಸಿಕೊಂಡಿದ್ದೇನೆ. ಅದು ರಾಜೀನಾಮೆ. ಈ ಶಬ್ದವು ನಮ್ಮ ಸೀಮೆಗೆ ಹೊಸದಲ್ಲ. ಮುಂಬಯಿ ಇಲಾಖೆಯ ಕಂದಾಯದ ಪದ್ಧತಿಯಲ್ಲಿ 'ರಾಜೀನಾಮೆ-ಕಬೂಲಾಯತಿ' ಎಂಬ ಜೋಡಿ ಕಾಗದಗಳಿದ್ದವು. ಹೊಲವನ್ನು ಬಿಟ್ಟುಕೊಡುವ ರೈತನು ರಾಜೀನಾಮೆ ಬರೆದುಕೊಡುವದು. ಅದೇ ಹೊಲವನ್ನು ವಹಿಸಿಕೊಳ್ಳುವವನು ಕಬೂಲಾಯತಿ ಬರೆದುಕೊಡುವದು. ಸಾಲದಲ್ಲಿ ಮುಳುಗಿದ ಎಷ್ಟೋ ಒಕ್ಕಲಿಗರ ಭೂಮಿಯು ಈ ಎರಡು ಕಾಗದಗಳ ನಡುವೆ ಸಾವಕಾರರ ಪಾಲಾಯಿತು. ಹಳೆಯ ದಫ್ತರಗಳಿರುವ ಮನೆಯವರಿಗೆ ಇದು ಗೊತ್ತಿರುವ ಸಂಗತಿಯೇ. ಈ ಎರಡು ಕಾಗದಗಳನ್ನು ನೆನಪಿನಲ್ಲಿಡಿರಿ. ಮುಂದೆ ನಮಗೆ ಬೇಕಾಗುವವು.

ಸ್ವಾತಂತ್ರ್ಯದ ಹೋರಾಟದ ಕಾಲದಲ್ಲಿ ರಾಜೀನಾಮೆಗೆ ಇದ್ದ ಅರ್ಥವೇ ಬೇರೆ. ೧೯೩೦ರಲ್ಲಿ ಉಪ್ಪಿನ ಸತ್ಯಾಗ್ರಹವು ಆರಂಭವಾದಾಗ ಕಾನಡಾ ಜಿಲ್ಲೆಯ ಅನೇಕ ಊರ ಗೌಡರು ತಮ್ಮ ಪಾಟೀಲಕಿಯನ್ನು ಬಿಟ್ಟುಕೊಟ್ಟರು. ತಲೆತಲಾಂತರದಿಂದ ಬಂದ ಮರ್ಯಾದೆಯನ್ನು ಒಂದು ಕಾಗದದಿಂದ ಕಳೆದುಕೊಳ್ಳುವದೆಂದರೆ ಹಳ್ಳಿಯಲ್ಲಿ ಏನರ್ಥವೆಂಬದು ನಿಮಗೆ ನಾನು ಹೇಳಬೇಕಾಗಿಲ್ಲ. ಮುಂದೆ ೧೯೩೨ರಲ್ಲಿ ಅಂಕೋಲೆ, ಸಿದ್ದಾಪುರಗಳ ಜೊತೆಗೆ ನಮ್ಮ ನೆರೆಯ ಹಿರೇಕೆರೂರ ತಾಲೂಕಿನಲ್ಲಿಯೂ ಕರನಿರಾಕರಣೆಯ ಚಳವಳಿಯು ನಡೆಯಿತು. ಕರ ಕೊಡೆವೆಂದು ನಿಂತವರಿಗೆ ಜಪ್ತಿ ಬಂತು, ಸೆರೆಮನೆ ಬಂತು. ಜಪ್ತಾದ ಭೂಮಿಗಳನ್ನು ಮರಳಿ ಕೊಡುವ ಕಾಯದೆಯು ಮುಂಬಯಿಯಲ್ಲಿ ಆದದ್ದು ೧೯೩೮ರಲ್ಲಿ. ನಡುವಿನ ಆ ವರ್ಷಗಳಲ್ಲಿ ಭೂಮಿ ಕಳಕೊಂಡ ಒಕ್ಕಲುಮಕ್ಕಳು ಹೇಗೆ ಬಾಳಿದರೆಂಬದನ್ನು ಯಾವ ಠರಾವಿನಲ್ಲಿಯೂ ಬರೆದಿಟ್ಟಿಲ್ಲ. ಅವರಾರೂ ಮುಖಂಡರಾಗಿರಲಿಲ್ಲ, ನೀತಿಯ ಮೇಲೆ ಭಾಷಣ ಮಾಡಿದವರೂ ಅಲ್ಲ. ಮರುವರ್ಷವೇ, ೧೯೩೯ರಲ್ಲಿ, ಹಿಂದುಸ್ಥಾನವನ್ನು ಕೇಳದೆ ಮಹಾಯುದ್ಧಕ್ಕೆ ಎಳೆದರೆಂಬ ಕಾರಣಕ್ಕೆ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲವು ಅಧಿಕಾರ ಬಿಟ್ಟು ಹೊರಬಿತ್ತು. ಆ ಕಾಲದಲ್ಲಿ ಮಾತಿಗಾಗಿ ತೆತ್ತ ಬೆಲೆಗೆ ರಾಜೀನಾಮೆಯೆಂದು ಹೆಸರು.

ಆದರೆ ಆ ಹಿರಿಯರೆಲ್ಲ ಸತ್ಯಹರಿಶ್ಚಂದ್ರರಾಗಿದ್ದರೆಂದು ನಾನು ಹೇಳಿದರೆ ನಮ್ಮ ಏಕೀಕರಣದ ಇತಿಹಾಸವೇ ನನ್ನನ್ನು ಸುಳ್ಳುಗಾರನನ್ನಾಗಿ ಮಾಡೀತು. ೧೯೨೦ರ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷೆಗಳಿಗನುಸಾರವಾಗಿ ತನ್ನ ಪ್ರಾಂತಸಮಿತಿಗಳನ್ನು ರಚಿಸಿಕೊಂಡಿತು. ಕರ್ನಾಟಕಕ್ಕೂ ಒಂದು ಸಮಿತಿ ದೊರೆಯಿತು. ೧೯೨೪ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸು ನೆರೆದಾಗ ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತೂ ಸೇರಿತು. ೧೯೨೮ರ ಮೋತಿಲಾಲ ನೆಹರೂ ವರದಿಯು ಕರ್ನಾಟಕ ಪ್ರಾಂತದ ಬೇಡಿಕೆಯನ್ನು ಮೆಚ್ಚಿತು. ೧೯೩೮ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಠರಾವು ಪಾಸಾಯಿತು. ೧೯೪೫-೪೬ರ ಚುನಾವಣೆಯ ಜಾಹೀರುನಾಮೆಯಲ್ಲಿಯೂ ಭಾಷಾವಾರು ಪ್ರಾಂತಗಳ ಮಾತು ಇತ್ತು. ಕಾಲು ಶತಮಾನದ ವರೆಗೆ ಕೊಡುತ್ತ ಬಂದ ಮಾತು ಇದು. ಅಧಿಕಾರ ಬಂತು, ೧೯೪೮ರಲ್ಲಿ ಧಾರ್ ಆಯೋಗವು ಬೇಡವೆಂದಿತು. ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿ ಈ ಮೂವರ ಸಮಿತಿಯು ೧೯೪೯ರ ಏಪ್ರಿಲದಲ್ಲಿ, ಸದ್ಯಕ್ಕೆ ತಡೆಯಿರಿ ಎಂದಿತು. ಹಿಂದೆ ಈ ತತ್ವಕ್ಕೆ ಒಪ್ಪಿಗೆ ಕೊಟ್ಟಾಗ ಅದನ್ನು ಆಚರಣೆಗೆ ತರುವ ಪ್ರಸಂಗವು ಕಾಂಗ್ರೆಸ್ಸಿಗೆ ಒದಗಿರಲಿಲ್ಲವೆಂಬ ಅರ್ಥದ ಮಾತೂ ಆ ವರದಿಯಲ್ಲಿ ಉಂಟು.

ಇಲ್ಲಿ ನ್ಯಾಯವಾಗಿ ನಡೆದುಕೊಳ್ಳಬೇಕು. ಅಭಿಪ್ರಾಯ ಬದಲಾಗುವದು ದಂಭವಲ್ಲ. ದೇಶವು ಆಗತಾನೆ ಎರಡು ತುಂಡಾಗಿತ್ತು. ರಕ್ತವು ಇನ್ನೂ ಆರಿರಲಿಲ್ಲ. ಅಂಥ ಸಮಯದಲ್ಲಿ ಗಡಿಗಳನ್ನು ಅಲುಗಾಡಿಸಲು ಹೆದರಿದ್ದು ತಿಳಿಯುವಂಥ ಸಂಗತಿಯೇ. ನಾವು ಮಾತು ಕೊಟ್ಟಿದ್ದೆವು, ಈಗ ಹೆದರಿದ್ದೇವೆ, ಇಷ್ಟು ವರ್ಷ ಸಮಯ ಕೊಡಿರಿ ಎಂದು ಅವರು ಬಿಚ್ಚಿ ಹೇಳಿದ್ದರೆ ಕನ್ನಡಿಗನು ಕಾಯುತ್ತಿದ್ದನು. ಕಾಯುವದರಲ್ಲಿ ನಮಗಿಂತ ಗಟ್ಟಿಗರು ಯಾರಿದ್ದಾರೆ? ಆದರೆ ನಡೆದದ್ದೇನು? ನಿನ್ನೆಯ ವರೆಗೆ ಯಾವ ಬೇಡಿಕೆಯು ರಾಷ್ಟ್ರೀಯ ಕಾರ್ಯವಾಗಿತ್ತೋ ಅದೇ ಬೇಡಿಕೆಯನ್ನು ಇಟ್ಟವನಿಗೆ ಇಂದು ಸಂಕುಚಿತಬುದ್ಧಿಯವನೆಂಬ ಬಿರುದು. ಮಾತು ಮುರಿದವರು ರಾಷ್ಟ್ರಭಕ್ತರಾದರು, ಮಾತನ್ನು ನೆನಪಿಸಿದವರು ಪ್ರಾಂತಾಭಿಮಾನಿಗಳಾದರು. ನಾನು ದಂಭವೆನ್ನುವದು ಈ ಪಲ್ಲಟಕ್ಕೆ.

ಆ ಹೊತ್ತಿನಲ್ಲಿ ನಮ್ಮ ಕಡೆಯಿಂದ ಬಂದ ಉತ್ತರವನ್ನು ನೋಡಿರಿ. ಪೊಟ್ಟಿ ಶ್ರೀರಾಮುಲು ಅವರು ೧೯೫೨ರ ಡಿಸೆಂಬರದಲ್ಲಿ ಪ್ರಾಣ ಕೊಟ್ಟ ಮೇಲೆ ಆಂಧ್ರಕ್ಕೆ ಒಪ್ಪಿಗೆ ಸಿಕ್ಕಿತು. ಕರ್ನಾಟಕದ ಸುದ್ದಿಯೇ ಇಲ್ಲ. ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಕಾಂಗ್ರೆಸ್ಸಿನವರೇ, ಮುಂಬಯಿ ವಿಧಾನಸಭೆಯ ಸದಸ್ಯರು. ೧೯೫೩ರಲ್ಲಿ ಅವರು ಆ ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟು ತಮ್ಮೂರಿನಲ್ಲಿ ಉಪವಾಸ ಕುಳಿತರು. ಅದೇ ವರ್ಷ ಅದರಗುಂಚಿಯ ಶಂಕರಗೌಡ ಪಾಟೀಲರು ೨೩ ದಿನ ಅನ್ನ ಬಿಟ್ಟರು. ಏಪ್ರಿಲ್ ೧೯ರಂದು ಹುಬ್ಬಳ್ಳಿಯಲ್ಲಿ ಪ್ರಾಂತೀಯ ಕಾಂಗ್ರೆಸ್ ಸಮಿತಿಯು ಕೂಡಿದಾಗ ಜನರು ರೊಚ್ಚಿಗೆದ್ದು ಮುಖಂಡರ ಮೇಲೆ ಹರಿಹಾಯ್ದರು. ಆ ಹೊಡೆದಾಟವನ್ನು ನಾನು ಹೊಗಳುವದಿಲ್ಲ. ಆದರೆ ಎರಡು ಕಡೆಯ ಜೀವನವನ್ನು ಒಂದೇ ವರ್ಷದಲ್ಲಿ ನೋಡಬಹುದು: ಮಾತಿಗಾಗಿ ಸ್ಥಾನ ಬಿಟ್ಟವರು ಒಂದು ಕಡೆ, ಸ್ಥಾನಕ್ಕಾಗಿ ಮಾತು ಬಿಟ್ಟವರು ಇನ್ನೊಂದು ಕಡೆ. ೧೯೫೬ರ ನವೆಂಬರ ೧ರಂದು ರಾಜ್ಯವು ಬಂದಾಗ ಹಾರ ಹಾಕಿಸಿಕೊಂಡವರಲ್ಲಿ ಇಬ್ಬಗೆಯವರೂ ಇದ್ದರು. ಹಾಗೆ ಬಂದ ರಾಜ್ಯಕ್ಕೆ ಕಾಸರಗೋಡು, ಸೊಲ್ಲಾಪುರ, ಅಕ್ಕಲಕೋಟೆ ಬಾರದೆ ಹೋದವು. ಮಹಾರಾಷ್ಟ್ರದ ಮುಖಂಡರು ತಾವೇ ಪಟ್ಟು ಹಿಡಿದು ೧೯೬೬ರಲ್ಲಿ ಪಡೆದ ಮಹಾಜನ ಆಯೋಗದ ವರದಿಯನ್ನು ೧೯೬೭ರಲ್ಲಿ ತಾವೇ ತಿರಸ್ಕರಿಸಿದ್ದು ಬೇರೆಯ ಕಥೆ. ಬೇಡಿದವರೇ ಬೇಡವೆಂದರೆಂಬುದಷ್ಟೇ ಇಂದಿನ ನಮ್ಮ ಮಾತಿಗೆ ಸಾಕು.

ಇನ್ನು ಹತ್ತಿರಕ್ಕೆ ಬರೋಣ. ಏಕೀಕರಣದ ಚಳವಳಿಯಲ್ಲಿ ದುಡಿದ, ಈ ಸೀಮೆಯ ಕಾರಡಗಿಯಲ್ಲಿ ಹುಟ್ಟಿದ ಎಸ್. ಆರ್. ಬೊಮ್ಮಾಯಿಯವರು ೧೯೮೮ರಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳಾದರು. ಮರುವರ್ಷ ಏಪ್ರಿಲದಲ್ಲಿ ಅವರ ಪಕ್ಷದ ಕಡೆಯ ೧೯ ಶಾಸಕರ ಪತ್ರಗಳು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕೈಸೇರಿದವು: ನಮ್ಮ ಬೆಂಬಲ ಇಲ್ಲ ಎಂದು. ಅವರಲ್ಲಿ ಏಳು ಜನರು ಕೂಡಲೇ ತಮ್ಮ ಸಹಿಯನ್ನು ಹಿಂತೆಗೆದುಕೊಂಡರು. ತಪ್ಪು ತಿಳಿಸಿ ಸಹಿ ಮಾಡಿಸಿಕೊಂಡರೆಂದರು. ಬಹುಮತವನ್ನು ಸಭೆಯಲ್ಲಿಯೇ ತೋರಿಸುತ್ತೇನೆ, ಸಭೆ ಕರೆಯಿರಿ ಎಂದು ಬೊಮ್ಮಾಯಿಯವರು ಕೇಳಿದರು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ೧೯೮೯ರ ಏಪ್ರಿಲ್ ೨೧ರಂದು ದಿಲ್ಲಿಯ ರಾಜೀವ ಗಾಂಧಿ ಸರಕಾರವು ಅವರ ಮಂತ್ರಿಮಂಡಲವನ್ನು ವಜಾ ಮಾಡಿತು. ೧೯೯೪ರ ಮಾರ್ಚ್ ೧೧ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಾಧೀಶರು, ಬಹುಮತದ ಪರೀಕ್ಷೆಯಾಗಬೇಕಾದದ್ದು ರಾಜಭವನದಲ್ಲಲ್ಲ, ಸಭೆಯಲ್ಲಿ ಎಂಬ ತತ್ವವನ್ನು ಸ್ಥಾಪಿಸಿದರು. ಇಂದು ಹಿಂದುಸ್ಥಾನದ ಯಾವ ಮೂಲೆಯಲ್ಲಿ ಸರಕಾರವು ಅಲುಗಾಡಿದರೂ ನಮ್ಮ ಈ ಸೀಮೆಯವರ ಹೆಸರು ಕೇಳಿಬರುತ್ತದೆ. ಅದು ನಮಗೆ ಹೆಮ್ಮೆ.

ಆ ಹೆಸರನ್ನು ಯಾರು ಯಾವಾಗ ಹೇಳುತ್ತಾರೆಂಬುದನ್ನು ಮಾತ್ರ ನೋಡಬೇಕು. ೨೦೧೮ರ ಮೇ ತಿಂಗಳಲ್ಲಿ ಯಾವ ಪಕ್ಷಕ್ಕೂ ಬಹುಮತ ಬಾರದಾಗ ರಾಜ್ಯಪಾಲರು ಯಡಿಯೂರಪ್ಪನವರಿಗೆ ಪ್ರಮಾಣವಚನ ಕೊಡಿಸಿ ಬಹುಮತ ತೋರಿಸಲು ಹದಿನೈದು ದಿನ ಕೊಟ್ಟರು. ಹದಿನೈದು ದಿನವೆಂದರೆ ಕುದುರೆಯ ಸಂತೆಗೆ ಅವಕಾಶ, ನಾಳೆಯೇ ಮತಕ್ಕೆ ಹಾಕಿರಿ ಎಂದು ಕಾಂಗ್ರೆಸ್ಸು ಮತ್ತು ಜನತಾದಳದವರು ಬೊಮ್ಮಾಯಿ ತೀರ್ಪನ್ನು ಹಿಡಿದು ಕೋರ್ಟಿಗೆ ಓಡಿದರು. ಬೊಮ್ಮಾಯಿಯವರನ್ನು ವಜಾ ಮಾಡಿದ ಕಾಂಗ್ರೆಸ್ಸೇ ಅದು! ಕೋರ್ಟು ಒಪ್ಪಿತು, ಮೇ ೧೯ರಂದು ಮತಕ್ಕೆ ಮೊದಲೇ ಯಡಿಯೂರಪ್ಪನವರು ಇಳಿದರು. ಮುಂದಿನ ವರ್ಷ, ೨೦೧೯ರ ಜುಲೈದಲ್ಲಿ, ವೇಷಗಳು ಅದಲುಬದಲಾದವು. ನಾಳೆಯೇ ಮತಕ್ಕೆ ಹಾಕಿರೆಂದಿದ್ದವರು ಈಗ ೧೮ರಂದು ವಿಶ್ವಾಸಮತದ ಠರಾವನ್ನು ಮಂಡಿಸಿ ೨೩ರ ವರೆಗೆ ಭಾಷಣ ಮಾಡಿದರು; ಇನ್ನಷ್ಟು ಸಮಯ ಬೇಕೆಂದಿದ್ದವರು ಈಗ ತಡವಾಗಬಾರದೆಂದರು. ಎರಡು ಸಲವೂ ಎರಡು ಕಡೆಯವರೂ ಮಾತನಾಡಿದ್ದು ಪ್ರಜಾಪ್ರಭುತ್ವದ ನೈತಿಕತೆಯ ಬಗ್ಗೆಯೇ. ಹಳ್ಳಿಯ ಬಯಲಾಟದಲ್ಲಿಯಾದರೂ ಭೀಮನ ವೇಷದವನು ಬೆಳಗಿನ ವರೆಗೆ ಭೀಮನಾಗಿಯೇ ಉಳಿಯುತ್ತಾನೆ.

ಆ ಜುಲೈದ ಸಂಗತಿಯು ನಮ್ಮ ಹಿರೇಕೆರೂರಿಗೂ ಸಂಬಂಧಿಸಿದ್ದು. ೨೦೧೮ರಲ್ಲಿ ಕಾಂಗ್ರೆಸ್ಸಿನಿಂದ ಆರಿಸಿ ಬಂದ ಶ್ರೀ ಬಿ. ಸಿ. ಪಾಟೀಲರು ಇತರ ಶಾಸಕರೊಡನೆ ರಾಜೀನಾಮೆ ಬರೆದರು. ಬರೆದವರು ಮುಂಬಯಿಯ ಹೊಟೆಲಿನಲ್ಲಿ ತಂಗಿದರು. ಯಾವ ಮುಂಬಯಿಯಿಂದ ಬಿಡಿಸಿಕೊಳ್ಳಲೆಂದು ನಮ್ಮ ಹಿರಿಯರು ಅನ್ನ ಬಿಟ್ಟರೋ ಅದೇ ಮುಂಬಯಿಗೆ ನಮ್ಮ ಪ್ರತಿನಿಧಿಗಳು ಆಶ್ರಯಕ್ಕಾಗಿ ಹೋದರೆಂಬದನ್ನು ಯೋಚಿಸಿದರೆ ನನಗೆ ನಗುವೂ ಬರುತ್ತದೆ, ಮತ್ತೇನೋ ಆಗುತ್ತದೆ. ಸಭಾಧ್ಯಕ್ಷ ರಮೇಶಕುಮಾರರು ಹದಿನೇಳು ಜನರನ್ನು ಅನರ್ಹಗೊಳಿಸಿ, ಆ ಸಭೆಯ ಅವಧಿ ಮುಗಿಯುವ ವರೆಗೆ ಚುನಾವಣೆಗೆ ನಿಲ್ಲಕೂಡದೆಂದರು. ನವೆಂಬರ ೧೩ರಂದು ಸುಪ್ರೀಮ್ ಕೋರ್ಟು ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ನಿಲ್ಲಕೂಡದೆನ್ನುವ ಅಧಿಕಾರವು ಸಭಾಧ್ಯಕ್ಷರಿಗೆ ಇಲ್ಲವೆಂದಿತು. ಡಿಸೆಂಬರ ೫ರಂದು ಉಪಚುನಾವಣೆ. ಪಾಟೀಲರು ಭಾರತೀಯ ಜನತಾ ಪಕ್ಷದಿಂದ ಅದೇ ಹಿರೇಕೆರೂರಿನಲ್ಲಿ ನಿಂತು ಗೆದ್ದರು. ೨೦೨೦ರ ಫೆಬ್ರುವರಿ ೬ರಂದು ಪಕ್ಷ ಬಿಟ್ಟು ಬಂದ ಹತ್ತು ಜನರು ಮಂತ್ರಿಗಳಾದರು. ಅವರಲ್ಲಿ ಇವರೂ ಒಬ್ಬರು, ಕೃಷಿಮಂತ್ರಿಗಳು.

ಹಳೆಯ ಕಂದಾಯದ ಕಾಗದಗಳು ಈಗ ನೆನಪಾಗಲಿ. ಅಂದಿನ ರಾಜೀನಾಮೆ ಒಬ್ಬನದು, ಕಬೂಲಾಯತಿ ಇನ್ನೊಬ್ಬನದು. ಈಗಿನದರಲ್ಲಿ ರಾಜೀನಾಮೆಯೂ ಅವನದೇ, ಕಬೂಲಾಯತಿಯೂ ಅವನದೇ. ಬದಲಾಗುವದು ಸಾವಕಾರ ಮಾತ್ರ. ಇದು ಒಬ್ಬರ ಅಪರಾಧವೆಂದು ತಿಳಿದರೆ ಪುನಃ ನಾವು ಹರಟೆಗೆ ಇಳಿದಂತೆ. ೨೦೦೮ರಲ್ಲಿ ಬಹುಮತಕ್ಕೆ ಮೂರು ಸ್ಥಾನ ಕಡಿಮೆ ಬಿದ್ದ ಭಾರತೀಯ ಜನತಾ ಪಕ್ಷವೇ ಈ ದಾರಿಯನ್ನು ಮೊದಲು ನಮ್ಮ ರಾಜ್ಯದಲ್ಲಿ ಹದ ಮಾಡಿತು. ಹಿರೇಕೆರೂರಿನಲ್ಲಿ ಪಾಟೀಲರಿಗೆ ಎದುರಾಳಿಯಾಗಿದ್ದ ಶ್ರೀ ಯು. ಬಿ. ಬಣಕಾರರು ೨೦೧೩ರಲ್ಲಿ ಕರ್ನಾಟಕ ಜನತಾ ಪಕ್ಷದಿಂದ ಗೆದ್ದು, ೨೦೧೮ರಲ್ಲಿ ಭಾರತೀಯ ಜನತಾ ಪಕ್ಷದಿಂದ ಸೋತು, ೨೦೨೩ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದರು. ಹೀಗೆ ಐದು ವರ್ಷದೊಳಗೆ ಇಬ್ಬರು ಅಭ್ಯರ್ಥಿಗಳೂ ಪಕ್ಷಗಳನ್ನು ಅದಲುಬದಲು ಮಾಡಿಕೊಂಡರು. ಗೋಡೆಗೆ ಬರೆದ ಚಿಹ್ನೆಗಳು ಬದಲಾದವು, ಹೆಸರುಗಳು ಅವೇ.

ಪಕ್ಷಾಂತರ ನಿಷೇಧದ ಕಾಯದೆಯು ೧೯೮೫ರಿಂದ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಪಕ್ಷದ ಆಜ್ಞೆಯನ್ನು ಮೀರಿ ಮತ ಕೊಟ್ಟವನನ್ನು ಅದು ಹಿಡಿಯುತ್ತದೆ. ಪಕ್ಷವನ್ನು ತಾನಾಗಿ ಬಿಟ್ಟವನನ್ನೂ ಹಿಡಿಯುತ್ತದೆ. ಮೂರರಲ್ಲೊಂದು ಭಾಗ ಒಡೆದು ಬಂದರೆ ತಪ್ಪಲ್ಲವೆಂಬ ಕಂಡಿಯನ್ನು ೨೦೦೩ರಲ್ಲಿ ಮುಚ್ಚಿದರು. ಆದರೆ ಸ್ಥಾನವನ್ನೇ ಬಿಟ್ಟು, ಸಭೆಯ ಸಂಖ್ಯೆಯನ್ನು ಕುಗ್ಗಿಸಿ, ಸರಕಾರವನ್ನು ಬೀಳಿಸಿ, ಅದೇ ಸಭೆಗೆ ಮತ್ತೊಂದು ಬಾಗಿಲಿನಿಂದ ಒಳಗೆ ಬರುವವನನ್ನು ಅದು ತಡೆಯಲಾರದು. ಕಳ್ಳನು ಹಿತ್ತಲ ಬಾಗಿಲಿನಿಂದ ಬರುತ್ತಾನೆಂದು ಅಲ್ಲಿ ಕೀಲಿ ಹಾಕಿದರೆ ಅವನು ಮುಂಬಾಗಿಲಿನಿಂದ ವಾದ್ಯಸಮೇತ ಬಂದಂತೆ.

ಇಲ್ಲಿ ಒಂದು ಕಠಿಣ ಪ್ರಶ್ನೆ ಇದೆ. ಅದನ್ನು ತಪ್ಪಿಸಿಕೊಂಡು ಹೋದರೆ ನಾನೂ ದಾಂಭಿಕನೇ. ಜನರೇ ಮತ್ತೆ ಗೆಲ್ಲಿಸಿದ ಮೇಲೆ ನಿಮ್ಮದೇನು ತಕರಾರು, ಜನತಾ ನ್ಯಾಯಾಲಯವು ನಮ್ಮನ್ನು ಬಿಡುಗಡೆ ಮಾಡಿತಲ್ಲ ಎಂದು ಅವರು ಕೇಳುತ್ತಾರೆ. ಇದಕ್ಕೆ ಉತ್ತರ ಕೊಡಬೇಕಾದವರು ನಾವು. ಈ ಸಭೆಯಲ್ಲಿ ಬಹುಜನರು ಶಿಕ್ಷಕರು. ಮತಗಟ್ಟೆಯಲ್ಲಿ ಬೆರಳಿಗೆ ಮಸಿ ಹಚ್ಚುವವರು ನೀವೇ. ಹಿರೇಕೆರೂರಿನ ಮತದಾರನ ಬೆರಳಿಗೆ ೨೦೧೮ರ ಮೇದಲ್ಲಿ ಒಂದು ಸಲ, ೨೦೧೯ರ ಏಪ್ರಿಲದಲ್ಲಿ ಲೋಕಸಭೆಗಾಗಿ ಒಂದು ಸಲ, ಡಿಸೆಂಬರದಲ್ಲಿ ಮೂರನೆಯ ಸಲ ಮಸಿ ಬಿತ್ತು. ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವೆ ಆ ಮತದಾರನ ವಿಚಾರ ಬದಲಾಯಿತೇ? ಆಗಿರಬಹುದು, ಅದು ಅವನ ಹಕ್ಕು. ಆದರೆ ಆಯ್ಕೆಯ ಮುಂದೆ ಅವನನ್ನು ನಿಲ್ಲಿಸಿದ ರೀತಿಯನ್ನು ನೋಡಿರಿ. ರಾಜಧಾನಿಯಲ್ಲಿ ಸರಕಾರವು ಆಗಲೇ ಬದಲಾಗಿತ್ತು. ಆಳುವ ಪಕ್ಷದವನನ್ನು ಆರಿಸಿದರೆ ಕೆರೆ, ರಸ್ತೆ, ನೀರಾವರಿ. ಇಲ್ಲದಿದ್ದರೆ ಮೂರೂವರೆ ವರ್ಷ ಕೈಕಟ್ಟಿ ಕುಳಿತುಕೋ ಎಂಬ ಸನ್ನಿವೇಶ. ಬಡ ತಾಲೂಕಿನ ರೈತನು ಕೆರೆಯನ್ನು ಆರಿಸಿಕೊಂಡರೆ ಅವನು ಮಾತು ಮುರಿದದ್ದನ್ನು ಮೆಚ್ಚಿದನೆಂದು ಹೇಗೆ ತಿಳಿಯುವದು? ಹೊಲ ಕಳಕೊಳ್ಳುವ ಒಕ್ಕಲಿಗನ ರಾಜೀನಾಮೆಯೂ ಕಾಗದದ ಮೇಲೆ ಸ್ವಸಂತೋಷದಿಂದ ಬರೆದದ್ದೇ ಆಗಿತ್ತು. ಆದರೆ ನಮ್ಮನ್ನು ನಾವು ಪೂರ್ಣ ಬಿಡುಗಡೆ ಮಾಡಿಕೊಳ್ಳುವಂತೆಯೂ ಇಲ್ಲ. ಮತದ ಮುನ್ನಾದಿನ ರಾತ್ರಿ ಬಾಗಿಲಿಗೆ ಬಂದ ಲಕೋಟೆಯನ್ನು ತೆಗೆದುಕೊಂಡು ಮರುದಿನ ಕಟ್ಟೆಯ ಮೇಲೆ ಮುಖಂಡರ ನೀತಿಯನ್ನು ಚರ್ಚಿಸುವವರು ನಮ್ಮ ಪೇಟೆಯಲ್ಲಿಯೂ ಇದ್ದಾರೆ, ಓದುಬರಹ ಬಲ್ಲವರೇ ಇದ್ದಾರೆ.

ಶಿಗ್ಗಾಂವಿಯ ಈಚಿನ ಸಂಗತಿಯೊಂದನ್ನು ಹೇಳಿ ಮುಗಿಸುತ್ತೇನೆ. ೨೦೨೩ರಲ್ಲಿ ಐದು ವರ್ಷಕ್ಕೆಂದು ಆರಿಸಿ ಬಂದ ಶ್ರೀ ಬಸವರಾಜ ಬೊಮ್ಮಾಯಿಯವರು ೨೦೨೪ರಲ್ಲಿ ಹಾವೇರಿಯಿಂದ ಲೋಕಸಭೆಗೆ ಹೋದರು. ಸಂಡೂರಿನ ಕಾಂಗ್ರೆಸ್ಸಿನ ಶಾಸಕರೂ ಹಾಗೆಯೇ ಹೋದರು. ಚನ್ನಪಟ್ಟಣದ ಜನತಾದಳದ ಶಾಸಕರಾದ ಕುಮಾರಸ್ವಾಮಿಯವರೂ ಹೋದರು. ಮೂರು ಪಕ್ಷ, ಮೂರು ರಾಜೀನಾಮೆ. ನವೆಂಬರ ೧೩ರಂದು ಮೂರು ಕಡೆಗೂ ಉಪಚುನಾವಣೆ. ಶಿಗ್ಗಾಂವಿಯಲ್ಲಿ ಬಿಟ್ಟವರ ಮಗ ಭರತ, ಚನ್ನಪಟ್ಟಣದಲ್ಲಿ ಬಿಟ್ಟವರ ಮಗ ನಿಖಿಲ, ಸಂಡೂರಿನಲ್ಲಿ ಬಿಟ್ಟವರ ಪತ್ನಿ ಅನ್ನಪೂರ್ಣಾ ಇವರು ಅಭ್ಯರ್ಥಿಗಳಾದರು. ವಂಶಪಾರಂಪರ್ಯದ ರಾಜಕಾರಣವು ದೇಶಕ್ಕೆ ಪಿಡುಗೆಂದು ದಿನಬೆಳಗಾದರೆ ಹೇಳುವ ಪಕ್ಷದವರೂ ಅವರಲ್ಲಿದ್ದರು. ಶಿಗ್ಗಾಂವಿಯವರೂ ಚನ್ನಪಟ್ಟಣದವರೂ ಮಕ್ಕಳನ್ನು ಒಪ್ಪಲಿಲ್ಲ, ಸಂಡೂರಿನವರು ಒಪ್ಪಿದರು. ಚನ್ನಪಟ್ಟಣದಲ್ಲಿ ಗೆದ್ದ ಯೋಗೇಶ್ವರರಾದರೋ ಚುನಾವಣೆಗೆ ಕೆಲವೇ ದಿನ ಮೊದಲು ಭಾರತೀಯ ಜನತಾ ಪಕ್ಷವನ್ನು ಬಿಟ್ಟು ಕಾಂಗ್ರೆಸ್ಸಿಗೆ ಬಂದವರು. ಕಾಯದೆಯ ದೃಷ್ಟಿಯಿಂದ ಇವರಾರದೂ ತಪ್ಪಿಲ್ಲ. ಮತದಾರನಿಗೆ ಐದು ವರ್ಷವೆಂದು ಹೇಳಿದ್ದು ಒಂದು ವರ್ಷವಾಯಿತು, ಅಷ್ಟೆ.

ಅವಧಿಯ ನಡುವೆ ಸ್ಥಾನ ಬಿಟ್ಟವನು ಅದೇ ಸಭೆಯ ಉಳಿದ ಅವಧಿಗೆ ಪುನಃ ನಿಲ್ಲಕೂಡದೆಂದು ಪಾರ್ಲಿಮೆಂಟು ಒಂದು ಸಾಲು ಬರೆದರೆ ಹಿರೇಕೆರೂರಿನಂಥ ಪ್ರಸಂಗಗಳು ನಿಲ್ಲುವವು. ಆ ಸಾಲನ್ನು ಬರೆಯಬೇಕಾದವರು ಅದರಿಂದ ನಷ್ಟ ಹೊಂದುವವರೇ ಆದ್ದರಿಂದ ನಾವು ಅವರ ದಾರಿ ಕಾಯುತ್ತ ಕೂಡುವದು ಬೇಡ. ಮುಂದಿನ ಸಲ ಅಭ್ಯರ್ಥಿಗಳು ಹಾನಗಲ್ಲಿಗೆ ಬಂದಾಗ, ಯಾವ ಪಕ್ಷದವರೇ ಆಗಲಿ, ಅರ್ಧ ಹಾಳೆಯನ್ನು ಅವರ ಮುಂದಿಡಿರಿ. ಐದು ವರ್ಷ ಈ ಸ್ಥಾನವನ್ನು ಬಿಡುವದಿಲ್ಲ. ಬಿಟ್ಟರೆ ಆ ಅವಧಿಯಲ್ಲಿ ನಾನಾಗಲಿ ನನ್ನ ಮನೆಯವರಾಗಲಿ ಇಲ್ಲಿ ನಿಲ್ಲುವದ್ದಿಲ್ಲ ಎಂದು ಎರಡೇ ಸಾಲು. ಕೋರ್ಟಿನಲ್ಲಿ ಅದು ನಿಲ್ಲಲಾರದೆಂಬುದು ನನಗೆ ಗೊತ್ತು. ಸಹಿ ಮಾಡಿದವರದನ್ನೂ, ಮಾಡದೆ ಹೋದವರ ಬರಿದಾದ ಹಾಳೆಯನ್ನೂ ಕೂಡಿಯೇ ವಾಚನಾಲಯದ ಹಲಗೆಗೆ ಹಚ್ಚಿರಿ. ಮುಂದಿನ ಚುನಾವಣೆಯ ವರೆಗೆ ಅವು ಅಲ್ಲಿಯೇ ಇರಲಿ.